ಕುಂಬಳೆಯ ಮರುವಾಯಿಯೂ ನರದ ತೂಬೂ

ಘಟ್ಟದ ಮೇಲೆ ವಾಸಿಸುವ ನಮಗೆ ಕಡಲ ಚಿಪ್ಪಿನ ಪರಿಚಯವು ಎಲೆಯಡಕೆಯ ಸುಣ್ಣದಿಂದ ಮುಂದಕ್ಕೆ ಹೋಗಿರುವುದು ಅಪೂರ್ವ. ಚಿಪ್ಪನ್ನು ಸುಟ್ಟರೆ ಸುಣ್ಣವಾಗುವುದೆಂಬುದನ್ನು ಬಸವಾಪಟ್ಟಣ, ಚನ್ನಗಿರಿಗಳ ಅಡಕೆಯ ಸೀಮೆಯವರು ಬಲ್ಲರು. ಆ ಚಿಪ್ಪಿನೊಳಗೆ ಒಂದು ಜೀವವಿತ್ತೆಂಬುದನ್ನೂ, ಅದು ಕರಾವಳಿಯ ಎಷ್ಟೋ ಬಡ ಕುಟುಂಬಗಳ ದಿನದ ಆಹಾರವೆಂಬುದನ್ನೂ ನೆನೆಯುವವರು ವಿರಳ. ತುಳುನಾಡಿನಲ್ಲಿ ಇದಕ್ಕೆ ಮರುವಾಯಿ ಎಂದು ಹೆಸರು. ಉತ್ತರ ಕನ್ನಡದ ಅಳಿವೆಗಳಲ್ಲಿ ಬಳಚು ಎನ್ನುವರು. ಇಳಿತದ ಹೊತ್ತಿನಲ್ಲಿ ಹೆಂಗಸರೂ ಮಕ್ಕಳೂ ನೀರಿಗಿಳಿದು, ಕೆಸರನ್ನು ಕೈಯಿಂದಲೂ ಕಾಲಿನಿಂದಲೂ ತಡಕಿ ಬುಟ್ಟಿಯನ್ನು ತುಂಬಿಕೊಳ್ಳುವರು. ದೋಣಿ ಬೇಕಿಲ್ಲ, ಬಲೆ ಬೇಕಿಲ್ಲ, ಬಂಡವಾಳವೂ ಬೇಕಿಲ್ಲ. ಇಂತಹ ಆಹಾರವು ಒಂದು ದಿನ ಮನುಷ್ಯನ ನರಗಳನ್ನೇ ಸ್ತಬ್ಧಗೊಳಿಸುವ ವಿಷವಾಗಿ ಪರಿಣಮಿಸಿದುದು ಹೇಗೆ, ಅದನ್ನು ಗುರುತಿಸಿದವರು ಯಾರು, ಆ ವಿಷದಿಂದ ವೈದ್ಯಶಾಸ್ತ್ರವು ಕಲಿತುದೇನು ಎಂಬ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಕುಂಬಳೆಯೆಂದೊಡನೆ ಯಕ್ಷಗಾನಪ್ರಿಯರಿಗೆ ಪಾರ್ತಿಸುಬ್ಬನ ನೆನಪಾಗುವುದು. ಚರಿತ್ರೆಯನ್ನು ಬಲ್ಲವರಿಗೆ, ಮಲೆನಾಡಿನಿಂದಿಳಿದು ಬೇಕಲದವರೆಗೆ ಕೋಟೆಗಳನ್ನು ಕಟ್ಟಿಸಿದ ಕೆಳದಿಯ ನಾಯಕರ ನೆನಪಾದೀತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶವು ಕೇರಳಕ್ಕೆ ಸೇರಿಹೋದರೂ ಕನ್ನಡದ ನುಡಿಯೂ ಕನ್ನಡದ ಶಾಲೆಯೂ ಅಲ್ಲಿಂದ ಹೋಗಲಿಲ್ಲ. ೧೯೮೩ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕುಂಬಳೆಯ ಅಳಿವೆಯ ಬಳಿಯಿರುವ ಆರಿಕ್ಕಾಡಿಯಲ್ಲಿ, ಅಳಿವೆಯಿಂದ ಆಯ್ದು ತಂದ ಮರುವಾಯಿಯನ್ನು ತಿಂದ ಕೆಲವರು ಕಾಯಿಲೆ ಬಿದ್ದರು. ಅವರಲ್ಲಿ ಒಬ್ಬ ಬಾಲಕನು ತೀರಿಕೊಂಡನು. ಇನ್ನು ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಹಳಸಿದ ಮೀನನ್ನು ತಿಂದು ವಾಂತಿಭೇದಿಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಚಿಪ್ಪಿನ ಈ ವಿಷದ ನಡೆಯೇ ಬೇರೆ. ತಿಂದ ಅರ್ಧ ಗಂಟೆಯೊಳಗೆ, ಒಮ್ಮೊಮ್ಮೆ ಕೆಲವೇ ನಿಮಿಷಗಳಲ್ಲಿ, ತುಟಿಯೂ ನಾಲಗೆಯೂ ಜುಮುಗುಟ್ಟತೊಡಗುವುವು. ಆಮೇಲೆ ಬೆರಳುಗಳ ತುದಿ. ಜುಮುಗುಟ್ಟುವಿಕೆ ಹೋಗಿ ಮರಗಟ್ಟುವಿಕೆ ಬರುವುದು. ಮೈ ಗಾಳಿಯಲ್ಲಿ ತೇಲಿದಂತೆ ಭಾಸವಾಗುವುದು. ಕೈಕಾಲು ಸೋಲುವುವು, ಮಾತು ತೊದಲುವುದು. ವಿಷವು ಹೆಚ್ಚಾಗಿದ್ದಲ್ಲಿ ಎರಡರಿಂದ ಹನ್ನೆರಡು ಗಂಟೆಗಳೊಳಗೆ ಎದೆಯ ಸ್ನಾಯುಗಳು ಉಸಿರನ್ನು ಎಳೆಯಲಾರದೆ ನಿಂತುಹೋಗುವುವು. ಕೊನೆಯವರೆಗೂ ರೋಗಿಗೆ ಪ್ರಜ್ಞೆಯು ಸ್ವಚ್ಛವಾಗಿರುವುದುಂಟು. ಇದೇ ಈ ಕಾಯಿಲೆಯ ಅತ್ಯಂತ ಘೋರವಾದ ಅಂಶ. ಇದಕ್ಕೆ ಪ್ರತಿವಿಷವಿಲ್ಲ. ಕೃತಕ ಉಪಾಯದಿಂದ ಉಸಿರನ್ನು ನಡೆಸಿ ಒಂದು ದಿನವನ್ನು ದಾಟಿಸಿದರೆ ವಿಷವು ಮೂತ್ರದ ಮೂಲಕ ಹೊರಟುಹೋಗಿ ರೋಗಿಯು ಸಾಮಾನ್ಯವಾಗಿ ಯಾವ ಊನವೂ ಇಲ್ಲದೆ ಎದ್ದುಕೊಳ್ಳುವನು. ಕುದಿಸಿದರೂ ಹುರಿದರೂ ಈ ವಿಷವು ನಾಶವಾಗದು. ರುಚಿ ಕೆಡದು, ವಾಸನೆ ಬಾರದು.

ನಮ್ಮ ಶಿವಮೊಗ್ಗೆಯ ಕಡೆಯ ಮಂಗನ ಕಾಯಿಲೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ೧೯೫೭ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಆ ವ್ಯಾಧಿಯು ಕಾಣಿಸಿಕೊಂಡಾಗ ಮಂಗಗಳು ಸತ್ತು ಬಿದ್ದು ಮನುಷ್ಯನಿಗೆ ಎಚ್ಚರಿಕೆ ಕೊಟ್ಟುವು. ಅಳಿವೆಯಲ್ಲಿ ಅಂತಹ ಎಚ್ಚರಿಕೆ ಕೊಡುವವರಾರೂ ಇಲ್ಲ. ವಿಷವನ್ನು ತುಂಬಿಕೊಂಡ ಮರುವಾಯಿಯು ಎಂದಿನಂತೆ ಬಾಯ್ದೆರೆದು ನೀರನ್ನು ಸೋಸುತ್ತ ಕೆಸರಿನಲ್ಲಿ ಕ್ಷೇಮವಾಗಿಯೇ ಇರುವುದು. ನಿನ್ನೆ ತಿಂದವನಿಗೆ ಏನೂ ಆಗಿರಲಿಲ್ಲವೆಂಬುದು ಇಂದಿಗೆ ಪ್ರಮಾಣವಲ್ಲ.

ಹೀಗಿರುವಲ್ಲಿ ಆರಿಕ್ಕಾಡಿಯ ಕಾಯಿಲೆಯ ಕಾರಣವು ಹೊರಬಿದ್ದುದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಈ ಕಾಲೇಜು ಭಾರತದಲ್ಲಿ ಇಂತಹವುಗಳ ಪೈಕಿ ಮೊದಲನೆಯದು. ಅಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪಂಡಿತರಾಗಿದ್ದ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿಗಳೂ ಅವರ ಸಹೋದ್ಯೋಗಿಗಳೂ ಈ ಪ್ರಕರಣವನ್ನು ಶೋಧಿಸಿ, ಇದು ಪಾಶ್ಚಾತ್ಯ ವೈದ್ಯರು ಬಹುಕಾಲದಿಂದ ಬಲ್ಲ ಚಿಪ್ಪಿನ ಸ್ತಂಭನವಿಷವೇ ಎಂದು ೧೯೮೪ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪತಿಪತ್ನಿಯರಿಬ್ಬರ ಹೆಸರಿನ ಮೊದಲಕ್ಷರವೂ ಒಂದೇ ಆದಕಾರಣ ಅವರ ಲೇಖನಗಳ ಶಿರೋಭಾಗದಲ್ಲಿ ಒಂದೇ ಹೆಸರು ಎರಡು ಸಲ ಅಚ್ಚಾದಂತೆ ಕಾಣುವುದು. ಅಚ್ಚಿನ ತಪ್ಪೆಂದು ಭಾವಿಸಿದ ಓದುಗರೂ ಇದ್ದಿರಬೇಕು. ಅದು ಹಾಗಿರಲಿ. ಕಣ್ಣಿಗೆ ಕಾಣದ, ರುಚಿಗೆ ಸಿಕ್ಕದ ವಿಷವನ್ನು ಹಿಡಿಯಲು ಅವರು ಹಿಡಿದ ದಾರಿ ಅವರೇ ಹೊಸದಾಗಿ ಕಡಿದುದಲ್ಲ. ಆ ದಾರಿಯು ಎಷ್ಟು ಸಾವುಗಳ ಮೇಲೆ ಹಾದು ಬಂದಿತೆಂಬುದನ್ನು ತಿಳಿಯಬೇಕಾದರೆ ಎರಡು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

೧೭೯೩ನೆಯ ಇಸವಿ ಜೂನ್ ೧೫ರಂದು, ಈಗಿನ ಕೆನಡಾ ದೇಶದ ಪಶ್ಚಿಮ ತೀರವನ್ನು ಅಳೆದು ನಕ್ಷೆ ಬರೆಯುತ್ತಿದ್ದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ಕಡೆಯ ಕೆಲವು ನಾವಿಕರು ಬೆಳಗಿನ ಉಪಾಹಾರಕ್ಕೆಂದು ದಡದ ಬಂಡೆಗಳಿಂದ ಪಚ್ಚಿಲೆಗಳನ್ನು ಕಿತ್ತು ಬೇಯಿಸಿ ತಿಂದರು. ಸ್ವಲ್ಪ ಹೊತ್ತಿನಲ್ಲಿಯೇ ಮುಖವೂ ಕೈಕಾಲುಗಳೂ ಜೋಮು ಹಿಡಿದುವು. ಬಿಸಿನೀರನ್ನು ಕುಡಿಸಿ ವಾಂತಿ ಮಾಡಿಸಲಾಗಿ ಉಳಿದವರು ಬದುಕಿದರು. ಜಾನ್ ಕಾರ್ಟರ್ ಎಂಬವನು ಅದೇ ಮಧ್ಯಾಹ್ನ ಸತ್ತನು. ವಿಷವನ್ನುಂಡ ಕೊಲ್ಲಿಗೆ ವಿಷದ ಕೊಲ್ಲಿಯೆಂದೂ ಅವನನ್ನು ಹೂಳಿದ ಕೊಲ್ಲಿಗೆ ಕಾರ್ಟರನ ಕೊಲ್ಲಿಯೆಂದೂ ನಕ್ಷೆಯಲ್ಲಿ ಹೆಸರು ಬಿದ್ದುವು. ಭೂಗೋಳವು ತನ್ನ ಕೆಲಸವನ್ನು ಮಾಡಿ ಮುಗಿಸಿತು. ಕಾರಣವನ್ನು ಕಾಣಲು ವೈದ್ಯಶಾಸ್ತ್ರಕ್ಕೆ ಇನ್ನೂ ನೂರ ನಲವತ್ತು ವರ್ಷಗಳು ಬೇಕಾಗಿದ್ದುವು.

ಆ ಕಾರಣವನ್ನು ಹುಡುಕಿ ತೆಗೆದ ಕಾರ್ಲ್ ಎಫ್. ಮೇಯರನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೮೪ರಲ್ಲಿ ಹುಟ್ಟಿದವನು. ಓದಿದುದು ಪಶುವೈದ್ಯ, ಬದುಕನ್ನು ಸವೆಸಿದುದು ಮನುಷ್ಯರ ವ್ಯಾಧಿಗಳ ಶೋಧನೆಯಲ್ಲಿ. ಸಾನ್‌ಫ್ರಾನ್ಸಿಸ್ಕೋ ನಗರದ ಹೂಪರ್ ಸಂಶೋಧನ ಸಂಸ್ಥೆಗೆ ಅವನು ಬಹುಕಾಲ ನಿರ್ದೇಶಕನಾಗಿದ್ದನು. ಡಬ್ಬಿಗಳಲ್ಲಿ ಸರಿಯಾಗಿ ಕಾಯಿಸದೆ ತುಂಬಿಟ್ಟ ಆಹಾರದಲ್ಲಿ ಹುಟ್ಟಿ ನರಗಳನ್ನು ಹಿಡಿಯುವ ಬಾಟ್ಯುಲಿಸಮ್ ವಿಷದ ಮೇಲೆ ಅವನು ಶ್ರಮಿಸಿದ್ದನು. ೧೯೩೦ರಲ್ಲಿ ಕ್ಯಾಲಿಫೋರ್ನಿಯಾದ ಕುದುರೆಗಳು ಮಿದುಳಿನ ಜ್ವರದಿಂದ ಸಾಯತೊಡಗಿದಾಗ ಕುದುರೆಯ ಮಿದುಳಿನಿಂದಲೇ ಅದರ ವೈರಸ್ಸನ್ನು ಬೇರ್ಪಡಿಸಿದವನೂ ಅವನೇ. ಇವೆರಡರ ನಡುವೆ ಬಂದುದು ಚಿಪ್ಪಿನ ವಿಷ. ೧೯೨೭ರ ಜುಲೈಯಲ್ಲಿ ಸಾನ್‌ಫ್ರಾನ್ಸಿಸ್ಕೋದ ಆಸುಪಾಸಿನಲ್ಲಿ ಪಚ್ಚಿಲೆಯನ್ನು ತಿಂದ ೧೦೨ ಜನರು ಕಾಯಿಲೆ ಬಿದ್ದು ಅವರಲ್ಲಿ ಆರು ಜನ ಸತ್ತರು.

ಆ ಕಾಲದಲ್ಲಿ ಈ ವಿಷಯದಲ್ಲಿ ಊಹೆಗಳಿಗೆ ಕೊರತೆಯಿರಲಿಲ್ಲ. ಮಾಂಸವು ಕೊಳೆತಿದ್ದಿತೆಂದು ಒಬ್ಬರು, ತಾಮ್ರದ ಕಿಲುಬು ಸೇರಿತೆಂದು ಮತ್ತೊಬ್ಬರು, ರೋಗಾಣುವೆಂದು ಇನ್ನೊಬ್ಬರು. ಮೇಯರನೂ ಅವನ ಜೊತೆಗಾರನಾದ ಹರ್ಮನ್ ಸಾಮರ್ ಎಂಬ ರಸಾಯನಶಾಸ್ತ್ರಜ್ಞನೂ ಊಹೆಗಳನ್ನು ಬದಿಗಿಟ್ಟು ಕಡಲ ದಡಕ್ಕೆ ಹೋದರು. ಗೊತ್ತಾದ ಬಂಡೆಗಳಿಂದ ಮತ್ತೆ ಮತ್ತೆ ಪಚ್ಚಿಲೆಯನ್ನು ಕಿತ್ತು ತಂದು, ಆಮ್ಲ ಬೆರೆಸಿದ ನೀರಿನಲ್ಲಿ ಕುದಿಸಿ, ಆ ಕಷಾಯವನ್ನು ಇಲಿಯ ಹೊಟ್ಟೆಗೆ ಚುಚ್ಚಿ, ಕೈಯಲ್ಲಿ ಗಡಿಯಾರವನ್ನು ಹಿಡಿದು ನಿಂತರು. ಇಪ್ಪತ್ತು ಗ್ರಾಂ ತೂಕದ ಒಂದು ಇಲಿಯನ್ನು ಹದಿನೈದು ನಿಮಿಷಗಳಲ್ಲಿ ಕೊಲ್ಲಲು ಸಾಕಾಗುವ ವಿಷವನ್ನು ಒಂದು ಮಾನವೆಂದು ಗೊತ್ತುಮಾಡಿದರು. ಇದನ್ನು ನಾವು ಇಲಿಮಾನವೆಂದು ಕರೆಯೋಣ. ಸತ್ತುದಷ್ಟೇ ಅಲ್ಲ, ಎಷ್ಟು ಹೊತ್ತಿಗೆ ಸತ್ತಿತೆಂಬುದೇ ಅಳತೆ. ಈ ಕ್ರೂರವಾದ ತಕ್ಕಡಿಯು ಸಿಕ್ಕಿದ ಮೇಲೆ ವಿಷದ ಏರಿಳಿತವು ಕಾಗದದ ಮೇಲೆ ಮೂಡತೊಡಗಿತು. ಒಂದೇ ಬಂಡೆಯ ಪಚ್ಚಿಲೆ ಬೇಸಗೆಯಲ್ಲಿ ಮಾರಕ, ಚಳಿಗಾಲದಲ್ಲಿ ನಿರಪಾಯ. ಹಾಗಾದರೆ ವಿಷವು ಚಿಪ್ಪಿನದಲ್ಲ. ಬಂದು ಹೋಗುವ ಯಾವುದೋ ಒಂದರದು.

ಅದು ಯಾವುದು? ಕಡಲ ನೀರನ್ನು ಸೋಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುತ್ತ ಬರಲಾಗಿ, ಎರಡು ಬಾಲದ ಎಳೆಗಳಿಂದ ತಿರುಗುತ್ತ ಈಜುವ ಒಂದು ಏಕಕೋಶ ಜೀವಿಯು ನೀರಿನಲ್ಲಿ ಹೆಚ್ಚಿದಾಗಲೆಲ್ಲ ಪಚ್ಚಿಲೆಯ ವಿಷವೂ ಏರುವುದು, ಅದು ಕಡಮೆಯಾದಾಗ ಇಳಿಯುವುದು ಕಂಡುಬಂದಿತು. ಅಂದು ಅದಕ್ಕೆ ಗೋನಿಯಾಲಾಕ್ಸ್ ಕ್ಯಾಟನೆಲ್ಲ ಎಂದು ಹೆಸರು. ಈಗ ಅಲೆಕ್ಸಾಂಡ್ರಿಯಮ್ ಕುಲಕ್ಕೆ ಸೇರಿಸಿರುವರು. ಚಿಪ್ಪಿನ ಪ್ರಾಣಿಯು ದಿನವೆಲ್ಲ ನೀರನ್ನು ಸೋಸಿ ಇಂತಹ ಜೀವಿಗಳನ್ನು ತಿಂದು ಬದುಕುವುದರಿಂದ ಅವುಗಳ ವಿಷವು ಅದರ ಒಡಲಿನಲ್ಲಿ ಕೂಡುತ್ತ ಹೋಗುವುದು. ೧೯೩೭ರಲ್ಲಿ ಈ ಸಂಗತಿಗಳೆಲ್ಲ ಪ್ರಕಟವಾದುವು. ಹತ್ತು ವರ್ಷಗಳ ಕೆಲಸ! ರಾತ್ರಿ ಕಡಲು ಮಿನುಗಿದಾಗ ಪಚ್ಚಿಲೆಯನ್ನು ಮುಟ್ಟಬಾರದೆಂದು ಆ ತೀರದ ಮೂಲನಿವಾಸಿಗಳು ಕಾವಲಿರಿಸುತ್ತಿದ್ದರೆಂಬ ಐತಿಹ್ಯವೊಂದುಂಟು. ಈ ಬಗೆಯ ಜೀವಿಗಳಲ್ಲಿ ಕೆಲವು ಮಿನುಗುವುದು ನಿಜವಾದುದರಿಂದ ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಮಿನುಗಿದುದೆಲ್ಲ ವಿಷವಲ್ಲ, ನೀರು ಕೆಂಪಾಗದೆಯೂ ಮಿನುಗದೆಯೂ ವಿಷವಿರಬಹುದು. ಅದಕ್ಕಾಗಿಯೇ ಕ್ಯಾಲಿಫೋರ್ನಿಯಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಪಚ್ಚಿಲೆಯನ್ನು ಕೀಳಕೂಡದೆಂದು ವರ್ಷವರ್ಷವೂ ನಿಷೇಧವನ್ನು ವಿಧಿಸುತ್ತ ಬಂದಿರುವರು. ನೂರು ಗ್ರಾಂ ಮಾಂಸದಲ್ಲಿ ನಾನೂರು ಇಲಿಮಾನ, ಎಂದರೆ ಸುಮಾರು ೮೦ ಮೈಕ್ರೋಗ್ರಾಂ, ವಿಷವನ್ನು ಮೀರಿದರೆ ಅದು ಆಹಾರಕ್ಕೆ ಯೋಗ್ಯವಲ್ಲವೆಂಬುದು ಈಗ ಲೋಕದ ಅನೇಕ ದೇಶಗಳಲ್ಲಿ ನಡೆಯುತ್ತಿರುವ ನಿಯಮ. ಒಂದು ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಕೀರ್ತಿಯು ಎಡ್ವರ್ಡ್ ಶಾಂಟ್ಸ್ ಎಂಬವನಿಗೆ ಸಲ್ಲತಕ್ಕದ್ದು. ೧೯೫೭ರಲ್ಲಿ ಅಲಾಸ್ಕಾದ ಸ್ಯಾಕ್ಸಿಡೋಮಸ್ ಎಂಬ ಚಿಪ್ಪಿನಿಂದ ತೆಗೆದುದರಿಂದ ಅದಕ್ಕೆ ಸ್ಯಾಕ್ಸಿಟಾಕ್ಸಿನ್ ಎಂದು ಹೆಸರಾಯಿತು. ಆದರೆ ಅವನು ದುಡಿಯುತ್ತಿದ್ದುದು ಅಮೆರಿಕದ ಸೈನ್ಯದ ಪ್ರಯೋಗಶಾಲೆಯಲ್ಲಿ. ಬಡವರ ಊಟದ ವಿಷವು ಯುದ್ಧದ ಆಯುಧಶಾಲೆಯನ್ನು ಸೇರಿದ ಈ ಅಧ್ಯಾಯವು ಓದಲು ಹಿತವಾದುದಲ್ಲ. ೧೯೬೦ರಲ್ಲಿ ರಷ್ಯಾದ ಮೇಲೆ ಹಾರಿ ಸಿಕ್ಕಿಬಿದ್ದ ಅಮೆರಿಕದ ಗೂಢಚಾರ ವಿಮಾನಿಯ ಬಳಿ ಇದನ್ನು ಲೇಪಿಸಿದ ಸೂಜಿಯಿದ್ದಿತು. ಇಂತಹ ಸಂಗ್ರಹಗಳನ್ನೆಲ್ಲ ನಾಶಮಾಡಬೇಕೆಂದು ಅಧ್ಯಕ್ಷ ನಿಕ್ಸನ್ನನು ಆಜ್ಞೆ ಮಾಡಿದ ಮೇಲೆಯೂ ಗೂಢಚಾರ ಇಲಾಖೆಯವರು ಸುಮಾರು ಹನ್ನೊಂದು ಗ್ರಾಮುಗಳನ್ನು ಬಚ್ಚಿಟ್ಟಿದ್ದುದು ೧೯೭೫ರಲ್ಲಿ ಬೆಳಕಿಗೆ ಬಂದಿತು. ಆ ಸಂಗ್ರಹವನ್ನು ಸುಟ್ಟುಹಾಕದೆ ನರಗಳ ಸಂಶೋಧಕರಿಗೆ ಹಂಚಿದುದೊಂದೇ ಈ ಪ್ರಸಂಗದಲ್ಲಿ ಮೆಚ್ಚತಕ್ಕ ಸಂಗತಿ.

ನರಗಳ ಸಂಶೋಧಕರಿಗೆ ಇದರಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ನಮ್ಮ ಭದ್ರಾ ನಾಲೆಯ ತೂಬನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನರವು ತಂತಿಯಂತೆ ಸುದ್ದಿಯನ್ನು ಒಯ್ಯುವುದೆಂದು ಹೇಳುವುದು ವಾಡಿಕೆ. ಆದರೆ ಅದರ ಗೋಡೆಯಲ್ಲಿ ಸಾಲಾಗಿ ಅತಿ ಸೂಕ್ಷ್ಮವಾದ ತೂಬುಗಳಿವೆ. ಸುದ್ದಿ ಬಂದಾಗ ಒಂದು ತೂಬು ತೆರೆದು ಹೊರಗಿನ ಸೋಡಿಯಮ್, ಎಂದರೆ ಉಪ್ಪಿನ ಅಂಶವು, ಒಳಕ್ಕೆ ನುಗ್ಗುವುದು. ಆ ನುಗ್ಗಿನಿಂದ ಮುಂದಿನ ತೂಬು ತೆರೆಯುವುದು. ಹೀಗೆ ಸುದ್ದಿಯು ಓಡುವುದು. ಇಂಗ್ಲೆಂಡಿನ ಹಾಡ್ಜ್‌ಕಿನ್, ಹಕ್ಸ್ಲಿ ಎಂಬ ಪಂಡಿತರು ಕಡಲಿನ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ನರದಲ್ಲಿ ಈ ಹರಿವನ್ನು ಅಳೆದು ೧೯೫೨ರಲ್ಲಿ ಗಣಿತದಿಂದ ನಿರೂಪಿಸಿದರು. ಆದರೆ ಸೋಡಿಯಮ್ಮಿನ ತೂಬೂ ಪೊಟ್ಯಾಸಿಯಮ್ಮಿನ ತೂಬೂ ಬೇರೆಬೇರೆಯೋ ಒಂದೆಯೋ ಎಂಬ ಪ್ರಶ್ನೆ ಉಳಿದಿದ್ದಿತು. ಜಪಾನಿನವರು ಪ್ರಾಣವನ್ನು ಪಣವಾಗಿಟ್ಟು ತಿನ್ನುವ, ಮೈಯುಬ್ಬಿಸಿಕೊಳ್ಳುವ ಫುಗು ಮೀನಿನ ವಿಷವನ್ನು ಟೋಶಿಯೊ ನರಹಾಶಿ ಎಂಬ ವಿಜ್ಞಾನಿಯು ೧೯೬೪ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ, ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸಿಗಡಿಯ ನರದ ಮೇಲೆ ಪ್ರಯೋಗಿಸಿದನು. ಸೋಡಿಯಮ್ಮಿನ ಹರಿವು ನಿಂತಿತು. ಪೊಟ್ಯಾಸಿಯಮ್ಮಿನದು ಎಂದಿನಂತೆ ನಡೆಯಿತು. ತೂಬುಗಳು ಬೇರೆಯೆಂಬುದು ಹೀಗೆ ಸಿದ್ಧವಾಯಿತು. ನ್ಯೂಯಾರ್ಕಿನ ಸಿ. ವೈ. ಕಾವ್ ಎಂಬ ಮತ್ತೊಬ್ಬ ಪಂಡಿತನು ಚಿಪ್ಪಿನ ವಿಷವೂ ಇದೇ ತೂಬಿನ ಬಾಯಿಗೆ ಕಲ್ಲಿನಂತೆ ಕೂರುವುದೆಂದು ಸ್ವಲ್ಪ ಕಾಲದಲ್ಲಿಯೇ ತೋರಿಸಿದನು. ಕಾರ್ಟರನ ತುಟಿ ಮರಗಟ್ಟಿದುದೇಕೆಂಬುದಕ್ಕೆ ಉತ್ತರವು ದೊರೆತುದು ಹೀಗೆ.

ಮುಂದಿನ ಕಥೆಯನ್ನು ಸಂಕ್ಷೇಪಿಸುವೆನು. ಈ ವಿಷಗಳನ್ನು ಗುರುತಾಗಿಟ್ಟುಕೊಂಡು ತೂಬನ್ನೇ ನರದಿಂದ ಬಿಡಿಸಿ ತೆಗೆದರು. ಅದರ ರಚನೆಯನ್ನು ಓದಿದರು. ೧೯೯೧ರಲ್ಲಿ, ಆಗಾಗ ಕೈಕಾಲು ಸೋತು ಬೀಳುವ ಒಂದು ವಂಶಪಾರಂಪರ್ಯ ಕಾಯಿಲೆಯು ಸ್ನಾಯುವಿನ ಸೋಡಿಯಮ್ ತೂಬಿನ ದೋಷವೆಂದು ತಿಳಿಯಿತು. ಶಿಶುಗಳನ್ನು ಕಾಡುವ ಕೆಲವು ಬಗೆಯ ಅಪಸ್ಮಾರಗಳಿಗೂ ಇಂತಹ ದೋಷವೇ ಕಾರಣವೆಂದು ಆಮೇಲೆ ಕಂಡುಬಂದಿತು. ಹುಟ್ಟಿನಿಂದಲೇ ನೋವನ್ನರಿಯದ ಮಕ್ಕಳಿದ್ದ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಇನ್ನೊಂದು ಸೋಡಿಯಮ್ ತೂಬು ಕೆಲಸಮಾಡದಿರುವುದನ್ನು ೨೦೦೬ರಲ್ಲಿ ಕಂಡುಕೊಂಡರು. ನೋವನ್ನು ತಡೆಯುವ ಹೊಸ ಔಷಧಗಳ ಹುಡುಕಾಟಕ್ಕೆ ಇದು ದಾರಿಯಾಯಿತು. ಕಡಲಿನ ವಿಷಗಳೆಲ್ಲ ತೂಬನ್ನೇ ಮುಚ್ಚುವುವೆಂದು ಮಾತ್ರ ತಿಳಿಯಬಾರದು. ೧೯೮೭ರಲ್ಲಿ ಕೆನಡಾದಲ್ಲಿ ಪಚ್ಚಿಲೆಯನ್ನು ತಿಂದ ನೂರಕ್ಕೂ ಮಿಕ್ಕಿದ ಜನರಿಗೆ ಡೊಮೋಯಿಕ್ ಆಮ್ಲವೆಂಬ ಬೇರೊಂದು ವಿಷವು ತಗುಲಿ, ಬದುಕಿದವರಲ್ಲಿ ಕೆಲವರ ಜ್ಞಾಪಕಶಕ್ತಿಯು ಹಾಳಾಯಿತು. ಕಳೆದ ವರ್ಷಗಳನ್ನು ಬಲ್ಲರು, ಈಗತಾನೆ ನಡೆದುದನ್ನು ಅರಿಯರು.

ಇನ್ನು ಮತ್ತೆ ನಮ್ಮ ಕರಾವಳಿಗೆ ಬರೋಣ. ಮೇಯರನ ಗ್ರಂಥವು ೧೯೩೭ರದು. ಆರಿಕ್ಕಾಡಿಯ ಬಾಲಕನ ಮರಣವು ೧೯೮೩ರದು. ಅದಕ್ಕೂ ಎರಡು ವರ್ಷ ಮೊದಲು, ೧೯೮೧ರಲ್ಲಿ, ತಮಿಳುನಾಡಿನ ವಯಲೂರಿನಲ್ಲಿ ಇದೇ ಬಗೆಯ ಕಾಯಿಲೆಯಿಂದ ಮೂವರು ಸತ್ತು ೮೫ ಜನ ಆಸ್ಪತ್ರೆಯನ್ನು ಸೇರಿದ್ದರು. ಜ್ಞಾನವು ಇದ್ದಿತು, ಬುಟ್ಟಿ ಹಿಡಿದು ಅಳಿವೆಗಿಳಿಯುವವರ ಕಿವಿಗೆ ಅದು ಬಿದ್ದಿರಲಿಲ್ಲ. ಮಂಗಳೂರಿನ ಪಂಡಿತರ ಕೆಲಸದ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಅವರು ಹೊಸ ವಿಷವನ್ನು ಕಂಡುಹಿಡಿದವರಲ್ಲ. ದೂರದೇಶದ ಗ್ರಂಥಗಳಲ್ಲಿ ಅಡಗಿದ್ದ ಕಾಯಿಲೆಯು ನಮ್ಮ ನೀರಿನಲ್ಲಿಯೇ ಇದೆಯೆಂದು ತೋರಿಸಿಕೊಟ್ಟವರು. ಅಷ್ಟಕ್ಕೆ ನಿಲ್ಲದೆ ಮುಂದಿನ ವರ್ಷಗಳಲ್ಲಿ ಕರ್ನಾಟಕದ ತೀರದ ಚಿಪ್ಪುಗಳನ್ನೂ, ಚಿಪ್ಪು ಆಯುವ ಎಡೆಗಳ ನೀರಿನಲ್ಲಿರುವ ಸಂಶಯಾಸ್ಪದ ಜೀವಿಗಳನ್ನೂ ಪರೀಕ್ಷಿಸುತ್ತ ಹೋದರು. ಜಪಾನಿನ ಓಶಿಮಾ, ಯಸುಮೋಟೊ ಎಂಬ ವಿಷಶಾಸ್ತ್ರಜ್ಞರ ಸಹಾಯದಿಂದ ಕಾಯಿಲೆಗೆ ಕಾರಣವಾದ ಚಿಪ್ಪಿನಲ್ಲಿದ್ದ ವಿಷಗಳನ್ನು ಒಂದೊಂದಾಗಿ ವಿಂಗಡಿಸಿ ೧೯೯೦ರಲ್ಲಿ ಪ್ರಕಟಿಸಿದರು. ಸ್ಯಾಕ್ಸಿಟಾಕ್ಸಿನ್ ಎಂಬುದು ಒಂಟಿ ವಿಷವಲ್ಲ, ಒಂದು ಕುಟುಂಬ. ಅದರ ಯಾವ ಸದಸ್ಯರು ಎಷ್ಟೆಷ್ಟು ಇದ್ದಾರೆಂಬುದರಿಂದ ವಿಷವನ್ನು ಕೊಟ್ಟ ಜೀವಿಯ ಜಾತಿಯನ್ನು ಊಹಿಸಬಹುದು.

ಇಷ್ಟಾದರೂ ೧೯೯೭ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞ್ಞಂ ಎಂಬಲ್ಲಿ ಪಚ್ಚಿಲೆಯನ್ನು ತಿಂದು ಏಳು ಜನ ಸತ್ತರು. ಸುಮಾರು ಐನೂರು ಜನ ಆಸ್ಪತ್ರೆಗೆ ಹೋದರು. ಹೊರದೇಶಕ್ಕೆ ಹೋಗುವ ಚಿಪ್ಪಿಗೆ ಕೊಳ್ಳುವ ದೇಶದವರೇ ಪರೀಕ್ಷೆಯನ್ನು ವಿಧಿಸುವರು. ಇಳಿತದಲ್ಲಿ ಆಯ್ದು ಸಂಜೆಗೆ ಮನೆಯಲ್ಲಿಯೇ ಸಾರಿಗೆ ಹಾಕುವ ಚಿಪ್ಪನ್ನು ಪರೀಕ್ಷಿಸುವವರು ಯಾರು? ವಿಷವೆಂದು ಸಾರಿದರೆ ಮಾರಾಟವು ನಿಂತು ಆಯುವವರ ಹೊಟ್ಟೆಗೆ ಪೆಟ್ಟು; ಸಾರದಿದ್ದರೆ ಪ್ರಾಣಕ್ಕೆ ಪೆಟ್ಟು. ಸಾರುವುದೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಹಾಗೆ ಸಾರಿದ ದಿನಗಳ ಕೂಲಿಯನ್ನು ಭರಿಸದೆ ಸಾರುವ ಸರಕಾರದ ಮಾತನ್ನು ಹಸಿದವನು ಕೇಳಲಾರನು. ಸಾರುವುದೂ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಆಗಬೇಕು. ಇಂಗ್ಲೀಷಿನ ಪ್ರಬಂಧವು ಎಷ್ಟೇ ಶ್ರೇಷ್ಠವಾದರೂ ಅಳಿವೆಯ ಕೆಸರಿನವರೆಗೆ ಇಳಿಯದು.

ಇದೆಲ್ಲ ಕಡಲಿನವರ ಮಾತೆಂದು ಸೂಳೆಕೆರೆಯ ಸೀಮೆಯವರಾದ ನಾವು ಪುಟವನ್ನು ಮಗುಚುವ ಮೊದಲು ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಸ್ಯಾಕ್ಸಿಟಾಕ್ಸಿನ್ನನ್ನು ಮಾಡುವ ಜೀವಿಗಳು ಉಪ್ಪುನೀರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ೧೯೯೧ರಲ್ಲಿ ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯಲ್ಲಿ ಸುಮಾರು ಸಾವಿರ ಕಿಲೋಮೀಟರುಗಳ ಉದ್ದಕ್ಕೂ ನೀಲಿಹಸುರು ಪಾಚಿಯು ಹೆಪ್ಪುಗಟ್ಟಿತು. ಅನಬೀನ ಎಂಬ ಆ ಪಾಚಿಯಲ್ಲಿ ಚಿಪ್ಪಿನ ವಿಷವೇ ಇರುವುದನ್ನು ಮುಂದೆ ಕೆಲವೇ ವರ್ಷಗಳಲ್ಲಿ ಕಂಡುಕೊಂಡರು. ನೀಲಿಹಸುರು ಪಾಚಿಯೆಲ್ಲವೂ ವಿಷವಲ್ಲ, ಕೆರೆಯ ಹಸುರೆಲ್ಲವೂ ಈ ಪಾಚಿಯಲ್ಲ. ಆದರೆ ಗೊಬ್ಬರದ ಅಂಶವೂ ಊರಿನ ಕೊಳೆಯೂ ಹರಿದು ಸೇರುವ ನಿಂತ ನೀರಿನಲ್ಲಿ, ಬೇಸಗೆಯ ಬಿಸಿಲಿಗೆ, ಅದು ಬಣ್ಣ ಚೆಲ್ಲಿದಂತೆ ದಡದಲ್ಲಿ ಕಟ್ಟಿಕೊಳ್ಳುವುದು. ದನವು ಅಂತಹ ನೀರನ್ನು ಕುಡಿದು ಕಾಲುಗಳು ಸೋತು ಬಿದ್ದರೆ ಹಾವು ಕಚ್ಚಿತೆಂದು ಹೇಳಿ ಮುಗಿಸದೆ, ನೀರನ್ನು ಒಂದು ಶೀಸೆಯಲ್ಲಿ ತುಂಬಿ ಪಶುವೈದ್ಯರ ಕೈಗೆ ಕೊಡಬೇಕು. ಮನುಷ್ಯರು ಕುಡಿಯುವ ನೀರಾದರೆ, ಅದನ್ನು ಕುದಿಸಿದರೂ ಈ ವಿಷವು ಹೋಗುವುದಿಲ್ಲ.